ಗರಿ ಬಿಡಿಸುವಲ್ಲಿ ಸೊನಾಟಾ

ಬೊಹೀಮಿಯಾದ ಆ ಹಳ್ಳಿಯಲ್ಲಿ ಪ್ರೊಕೋಪ್ ಮೇಷ್ಟ್ರು ಹಗಲು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಉಳಿದ ಹೊತ್ತೆಲ್ಲ ಪಿಯಾನೋದಂಥ ತಮ್ಮ ಕೀಲಿಮಣೆ ವಾದ್ಯಕ್ಕೆ ಸೊನಾಟಾ ಎಂಬ ಸಂಗೀತ ಕೃತಿಗಳನ್ನು ಬರೆಯುತ್ತಿದ್ದರು. ಪಾಠಕ್ಕೆ ಊರು ತಲೆದೂಗುತ್ತಿತ್ತು, ಸೊನಾಟಾಕ್ಕೆ ತೂಕಡಿಸುತ್ತಿತ್ತು. ಅರಮನೆಯಲ್ಲಿ ನುಡಿಸಿದಾಗ ದೊರೆಸಾನಿ "ಅಚ್ಚುಕಟ್ಟಾಗಿದೆ" ಎಂದಿದ್ದರು. ಸಂಗೀತಕ್ಕೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ.

ಈ ಸಲ ಮೇಷ್ಟ್ರು ಪಣ ತೊಟ್ಟಿದ್ದರು. ಹೊಸ ಸೊನಾಟಾದ ಕೊನೆಯ ಭಾಗವನ್ನು ನಗಿಸಲೆಂದೇ ಬರೆದಿದ್ದರು. ಅದು ಎರಡು ಹೆಬ್ಬಾತುಗಳ ಜಗಳ. ಬಲಗೈ ಕಚ್ಚಲು ಹೋಗುತ್ತದೆ, ಎಡಗೈ ಓಡುತ್ತದೆ, ಇದ್ದಕ್ಕಿದ್ದಂತೆ ಎರಡೂ ಸುಮ್ಮನಾಗುತ್ತವೆ. ಇದಕ್ಕೂ ಯಾರೂ ನಗದಿದ್ದರೆ ಬರೆಯುವುದನ್ನೇ ಬಿಟ್ಟು, ಕೀಲಿಮಣೆಯ ಪೆಟ್ಟಿಗೆಯನ್ನು ಕೋಳಿಗೂಡು ಮಾಡುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದರು.

"ಕೋಳಿಗಂತೂ ಒಳ್ಳೇದಾಗುತ್ತೆ ಬಿಡಿ," ಎಂದಿದ್ದಳು ವೆರೋನಿಕಾ.

ಕೇಳುವವರು ಬೇಕಲ್ಲ? ಚಳಿಗಾಲದಲ್ಲಿ ಹೆಂಗಸರೆಲ್ಲ ಒಂದೇ ಕಡೆ ಸಿಗುವುದು ಗರಿ ಬಿಡಿಸುವಲ್ಲಿ. ಮಗಳು ಅಪೋಲೆನಾಳ ಮದುವೆಯ ರಜಾಯಿಗೆ ತುಂಬಲೆಂದು ವೆರೋನಿಕಾ ವರ್ಷಗಟ್ಟಲೆ ಕೂಡಿಟ್ಟ ಹೆಬ್ಬಾತಿನ ಗರಿ ಮೇಷ್ಟ್ರ ಮನೆಯಲ್ಲೇ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಸುತ್ತ ಕೂತ ಹೆಂಗಸರು ದಂಟಿನಿಂದ ಮೆತ್ತನೆಯ ಎಳೆ ಕೀಳುತ್ತಿದ್ದರು. ಎಳೆ ಹಾರೀತೆಂದು ಅಲ್ಲಿ ಬಾಗಿಲು ತೆರೆಯುವಂತಿಲ್ಲ, ಸೀನುವಂತಿಲ್ಲ, ಜೋರಾಗಿ ಉಸಿರು ಬಿಡುವಂತಿಲ್ಲ.

"ನುಡಿಸ್ಕೊಳ್ಳಿ ಮೇಷ್ಟ್ರೇ," ಎಂದಳು ಪಕ್ಕದ ಮನೆಯ ಕೋರ್ದುಲಾ ಅಜ್ಜಿ, ತುಟಿ ಅಲ್ಲಾಡಿಸದೆ. "ನಿಮ್ಮ ಸಂಗೀತಕ್ಕೆ ಗರಿಯೇನೂ ಹಾರಲ್ಲ."

ಮೇಷ್ಟ್ರು ನುಡಿಸಿದರು. ಜಗಳ ಬಂತು, ಕಚ್ಚಾಟ ಬಂತು, ಓಟ ಬಂತು. ಓರೆಗಣ್ಣಿನಲ್ಲಿ ನೋಡಿದರೆ ಒಂದು ಮುಖವೂ ಅಲುಗುತ್ತಿಲ್ಲ. ಎಲ್ಲರೂ ಬಾಯಿ ಬಿಗಿದು, ಹೆಣ ಕಾಯುವವರ ಹಾಗೆ ಕೂತಿದ್ದರು. ಗರಿಯ ಮುಂದೆ ಆ ಊರಿನ ಯಾವ ಹೆಂಗಸೂ ನಗುವುದಿಲ್ಲ ಎಂಬುದನ್ನು ಮಹಾನುಭಾವರು ಬರೆಯುವ ಹುಚ್ಚಿನಲ್ಲಿ ಮರೆತೇಬಿಟ್ಟಿದ್ದರು. ಅವರ ಎದೆ ಒಡೆದುಹೋಯಿತು. ಕೀಲಿಮಣೆಗೆ ಮುಚ್ಚಳ ಹಾಕಿದರು.

"ಆಯ್ತು ಕಣೆ," ಎಂದರು. "ನಾಳೆಯಿಂದ ಇದು ಕೋಳಿಗಳದ್ದೇ."

ವೆರೋನಿಕಾ ಬಾಯಿಗೆ ಕೈ ಒತ್ತಿಕೊಂಡಿದ್ದಳು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಮೇಷ್ಟ್ರು ಹತ್ತಿರ ಹೋಗುವಷ್ಟರಲ್ಲಿ ಆ ಕೈ ಜಾರಿತು. ಬುಸ್ಸೆಂದು ನಗು ನುಗ್ಗಿತು. ಹಿಂದೆಯೇ ಅಜ್ಜಿ, ಮಗಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಗುಡ್ಡೆ ಸೂರಿಗೆ ಎದ್ದು ಒಲೆಗೆ, ಸೂಪಿನ ಮಡಕೆಗೆ, ಮೇಷ್ಟ್ರ ತಲೆಯ ಟೋಪನ್ನಿಗೆ ಇಳಿಯಿತು. ಮಗಳ ರಜಾಯಿ ಕಣ್ಣೆದುರೇ ಹಾರಿಹೋಯಿತು.

ನಗು ನಿಂತಿತು. ಎಲ್ಲರೂ ವೆರೋನಿಕಾಳತ್ತ ನೋಡಿದರು. ಮೇಷ್ಟ್ರು ಬೈಗುಳಕ್ಕೆ ತಲೆಯೊಡ್ಡಿ ನಿಂತರು.

ಅವಳು ಮೂಗಿನ ಮೇಲಿನ ಪುಕ್ಕ ಊದಿ, ಕುರ್ಚಿಯನ್ನು ಕೀಲಿಮಣೆಯತ್ತ ತಿರುಗಿಸಿಕೊಂಡು ಕೂತಳು.

"ಹೇಗೂ ಹಾಳಾಯ್ತಲ್ಲ. ಆ ಹೆಬ್ಬಾತು ಕಚ್ಚೋಕೆ ಬರುತ್ತಲ್ಲ, ಅಲ್ಲಿಂದ ಇನ್ನೊಂದ್ಸಲ ನುಡಿಸ್ರೀ. ಈ ಸಲ ಮನಸಾರೆ ನಗಬೇಕು ನಂಗೆ."