ಬುಧವಾರದ ಮುಕ್ಕಾಲು ಗಂಟೆ

ಮೊದಲು ಆವಿ, ಆಮೇಲೆ ಬೆಣ್ಣೆ, ಅದರ ಹಿಂದೆಯೇ ಕಾಳುಮೆಣಸಿನ ಘಾಟು — ಬಟ್ಟಲು ಇನ್ನೂ ಮೇಜಿಗೆ ಬಂದಿಲ್ಲ, ಆಗಲೇ ಅವಳ ಬಾಯಲ್ಲಿ ನೀರು, ಬೆಳಗಿನಿಂದ ಹಲ್ಲಿನ ಲ್ಯಾಬಿನಲ್ಲಿ ಹದಿನಾಲ್ಕು ಜನರ ಅಚ್ಚಿಗೆ ಪ್ಲಾಸ್ಟರ್ ಸುರಿದು ಉಗುರಿನ ಸಂದಿಯೆಲ್ಲ ಬೆಳ್ಳಗೆ, ಯಾರದೋ ದವಡೆ, ಯಾರದೋ ಕೋರೆಹಲ್ಲು, ಬಾಯಿ ಗೊತ್ತು ಮುಖ ಗೊತ್ತಿಲ್ಲ, ಇಲ್ಲಿಗೆ ಬಂದರೆ ಅಗಿಯುವ ಮಾತೇ ಇಲ್ಲ, ಬೇಯಿಸಿ ಕಿವುಚಿದ ಆಲೂಗಡ್ಡೆ, ನಾಲಿಗೆಯ ಮೇಲಿಟ್ಟರೆ ತಾನಾಗಿಯೇ ಇಳಿಯುತ್ತದೆ, ಅದೂ ಬಸ್ ಚಾರ್ಜಿಗಿಂತ ಒಂಚೂರು ಹೆಚ್ಚಿನ ದುಡ್ಡಿಗೆ. ಒಂದರ ಹಾಗೆ ಇನ್ನೊಂದಿಲ್ಲದ ಕುರ್ಚಿಗಳ ಹೋಟೆಲು — ಒಂದು ಹಳೆ ಚಿತ್ರಮಂದಿರದ್ದು, ಒಂದು ಕ್ಷೌರದಂಗಡಿಯದ್ದು, ಮೂಲೆಯಲ್ಲಿ ಎರಡೂ ಬದಿ ಮರೆಯಿರುವ ಅವಳ ಕುರ್ಚಿ, ಕೂತರೆ ಪಕ್ಕದವರ ಮೊಣಕೈ ಕೂಡ ಕಾಣದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಉಪ್ಪು ಕಮ್ಮಿಯಾದ್ರೆ ಹೇಳಿ, ಜಾಸ್ತಿಯಾದ್ರೆ ಸುಮ್ಮನಿರಿ. ಬರೆದವಳು ಅಡುಗೆಯಾಕೆ, ಎಲ್ಲರಿಗೂ ದೊಡ್ಡಮ್ಮ, ಇವಳನ್ನು ಹಲ್ಲಮ್ಮ ಅನ್ನುತ್ತಾಳೆ, ಎರಡು ವರ್ಷದಲ್ಲಿ ಹೆಸರು ಕೇಳಿಲ್ಲ, ಗಂಡ ಏನು ಮಾಡ್ತಾನೆ ಎಂದು ಕೇಳಿಲ್ಲ. ಜ್ವರ ಬಂದಾಗ ಅಮ್ಮ ಇದನ್ನೇ ಮಾಡಿ ಮಂಚದ ಪಕ್ಕದಲ್ಲಿಟ್ಟು, ತಿಂದು ಮಲ್ಕೋ, ಯಾರನ್ನೂ ಒಳಗೆ ಬಿಡಲ್ಲ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು, ಆ ಬಾಗಿಲ ಸದ್ದು ಕೇಳುವ ಆಸೆಗೇ ಜ್ವರ ಇನ್ನೆರಡು ದಿನ ಇರಲಿ ಅನ್ನಿಸುತ್ತಿತ್ತು — ಇಲ್ಲಿದ್ದೀಯಾ. ಈ ದನಿ ಇಲ್ಲಿಯದಲ್ಲ, ಮನೆಯದು. ಗಂಡ, ಏದುಸಿರು ಬಿಡುತ್ತ, ಅವಳ ಹೆಗಲ ಮೇಲೆ ಕೈಯಿಟ್ಟು, ಸದ್ಯ, ಏನೂ ಆಗಿಲ್ವಲ್ಲ ಅಂದ, ಪ್ರತಿ ಬುಧವಾರ ಮ್ಯಾಪಲ್ಲಿ ನಿನ್ನ ಚುಕ್ಕೆ ಈ ಬೀದೀಲಿ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತ್ಬಿಡತ್ತೆ ಕಣೇ, ಫೋನ್ ನೋಡ್ತಾ ನೋಡ್ತಾ ಜೀವ ಬಾಯಿಗೆ ಬಂದಿತ್ತು, ಇವತ್ತು ತಡೀಲಾರ್ದೆ ಓಡಿಬಂದೆ. ಚುಕ್ಕೆ — ಹೋದ ವರ್ಷ ಅವನೇ ಅವಳ ಫೋನಿನಲ್ಲಿ ಹಾಕಿಕೊಟ್ಟದ್ದು, ಎಲ್ಲಿದ್ದೀಯ ಅಂತ ಗೊತ್ತಿದ್ರೆ ನನಗೆ ಸಮಾಧಾನ ಅಂದಿದ್ದ, ಅವಳು ಹೂಂ ಅಂದಿದ್ದಳು, ಅಂದಿನಿಂದ ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಚಪ್ಪಲಿ ಅಂಗಡಿಯಲ್ಲಿ ಅವನ ಅಂಗೈಯಲ್ಲೇ ಓಡಾಡಿದ್ದಾಳೆ. ಕೆಟ್ಟವನಲ್ಲ, ಅದೇ ಕಷ್ಟ, ಕೈಯೆತ್ತಿದವನಲ್ಲ, ಕುಡಿದು ಬಂದವನಲ್ಲ, ತಲೆನೋವು ಅಂದರೆ ರಜೆ ಹಾಕಿ ಪಕ್ಕದಲ್ಲೇ ಕೂರುತ್ತಾನೆ, ಅಮ್ಮನಿಗೆ ಹೇಳಿಕೊಂಡರೆ, ಪುಣ್ಯ ಮಾಡಿದ್ದೀಯ ಸುಮ್ನಿರು ಅಂದಳು.

ಬಟ್ಟಲು ಬಂತು. ಈ ಮೂಲೇಲಿ ಒಬ್ಬರಿಗೇ ಜಾಗ ಸಾರ್, ನಿಮಗೆ ಕಿಟಕಿ ಹತ್ರ ಹಾಕ್ತೀನಿ, ಅಂದಳು ದೊಡ್ಡಮ್ಮ, ಇವಳ ಮುಖವನ್ನು ಒಮ್ಮೆ ಓದಿ. ಅವನು ನಕ್ಕು ತಾನೇ ಒಂದು ಸ್ಟೂಲು ಎತ್ತಿ ತಂದ, ಪರವಾಗಿಲ್ಲ ದೊಡ್ಡಮ್ಮ, ಹಂಚ್ಕೊಂಡು ತಿಂತೀವಿ — ಯಾರೋ ಕೂಗಿದ್ದು ಕೇಳಿ ಆಗಲೇ ದೊಡ್ಡಮ್ಮ, ತನಗೆ ತಿಂಗಳು ಹಿಡಿದಿತ್ತು ಹಾಗೆ ಕರೆಯಲು — ಎಷ್ಟು ಚೆನ್ನಾಗಿದೆ ಜಾಗ, ನನಗೆ ಹೇಳಲೇ ಇಲ್ವಲ್ಲ ನೀನು, ತಾಳು, ಸುಡತ್ತೆ, ನಾನು ನೋಡ್ತೀನಿ, ಎಂದು ಚಮಚ ಅವಳ ಬಟ್ಟಲಿಗೆ ಇಳಿಯಿತು, ನಡುವೆ ಬೆಣ್ಣೆ ಕರಗಿ ನಿಂತ ಜಾಗಕ್ಕೇ. ರೀ, ಅಂದಳು. ಇದೊಂದು ಮುಕ್ಕಾಲು ಗಂಟೆ ನನ್ನ ಪಾಡಿಗೆ ನನ್ನನ್ನ ಬಿಡಿ — ಎಷ್ಟು ಸಲ ಬಸ್ಸಿನ ಕಿಟಕಿಗೆ ಹೇಳಿ ಹೇಳಿ ತಿದ್ದಿದ ಮಾತು, ಈಗ ನಾಲಿಗೆಯ ತುದಿಯಲ್ಲಿದೆ. ಏನು, ಉಪ್ಪು ಬೇಕಾ, ಎಂದು ಅವನು ತಟ್ಟನೆ ಎದ್ದು ತಂದೇಬಿಟ್ಟ, ತಾನೇ ಉದುರಿಸಿದ, ಕಲಸಿದ, ಇನ್ಮೇಲೆ ಬುಧವಾರ ಇಬ್ಬರಿಗೂ ಇಟ್ಟಿರಿ ಎಂದು ಅಡುಗೆಮನೆಯ ಕಡೆ ಕೂಗಿದ. ದೊಡ್ಡಮ್ಮ ಸೌಟು ಹಿಡಿದೇ ಹೊರಗೆ ಬಂದಳು, ಅವನನ್ನು ನೋಡಲಿಲ್ಲ, ಇವಳನ್ನೇ ಕೇಳಿದಳು, ಹೌದೇನಮ್ಮ? ಈಗ, ಈಗಲ್ಲದಿದ್ದರೆ ಇನ್ನಿಲ್ಲ, ಇಬ್ಬರೂ ಕಾಯುತ್ತಿದ್ದಾರೆ, ಅವನ ಮುಖದಲ್ಲಿ ಮಗುವಿನಂಥ ನಗು, ಅದು ಬಾಡುವುದನ್ನು ನೋಡಲಾರಳು, ಬಾಡಿದರೆ ತಿಂಗಳುಗಟ್ಟಲೆ ತಾನೇ ನೀರೆರೆಯಬೇಕು — ಹೂಂ, ಅಂದಳು. ದೊಡ್ಡಮ್ಮ ಒಳಗೆ ಹೋದಳು. ಬೇರೆ ಹೋಟೆಲು ಹುಡುಕಬಹುದು, ಅಲ್ಲೂ ಚುಕ್ಕೆ, ಫೋನು ಲ್ಯಾಬಿನಲ್ಲೇ ಮರೆತು ಬರಬಹುದು, ಆದರೆ ಲ್ಯಾಬಿಗೇ ಓಡಿ ಬರುತ್ತಾನೆ, ಬುಧವಾರದ ಬದಲು ಶುಕ್ರವಾರ, ಜ್ವರವೆಂದು ಮಲಗಿದರೆ, ಮಲಗಿದರೆ ಮಂಚದ ಪಕ್ಕದಲ್ಲಿ ಅವನೇ, ಬಟ್ಟಲು ಹಿಡಿದು — ಆ ಅನ್ನು, ಈಗ ಆರಿದೆ, ಅಂದ. ಚಮಚ, ಅವನ ಬಾಯಿಂದ ಆಗಷ್ಟೇ ಹೊರಬಂದು ಹೊಳೆಯುವ ಚಮಚ, ಮತ್ತೆ ತುಂಬಿಕೊಂಡು, ಮೇಜು ದಾಟಿ, ಅವಳ ತುಟಿಯ ಹತ್ತಿರ, ಚಮಚ.