ಬೂದು ಮೊಲದ ಚಿತ್ರ

ತಿಮೊಥಿ ಮಾಸ್ತರ್ ಹೆಗಲ ಮೇಲಿನ ಟವೆಲ್ಲನ್ನು ಸರಕ್ಕನೆ ಎಳೆದು ಟಿವಿಗೆ ಅಡ್ಡ ಹಿಡಿದರು. ಪರದೆಯ ಮೇಲೆ ಕುಣಿಯುತ್ತಿದ್ದ ಚಿಟ್ಟೆಯ ಲಂಗ ಮೊಣಕಾಲಿಗಿಂತ ಮೇಲಿತ್ತು. ಟವೆಲ್ಲಿನ ಹಿಂದಿನಿಂದ ಹಾಡು ಮಾತ್ರ ಬರುತ್ತಲೇ ಇತ್ತು.

"ಮಾಸ್ತರ್, ಅದು ಚಿಟ್ಟಿ ಅದ ರಿ," ಎಂದರು ಪಾಸ್ಟರ್ ಜೀವನರತ್ನ.

"ಚಿಟ್ಟಿ ಇದ್ರೇನಾಯ್ತ್ರಿ? ಲಂಗ ಹಾಕ್ಕೊಂಡದಲ್ಲ! ಹಾಕ್ಕೊಂಡ ಮ್ಯಾಲ ಪೂರಾ ಹಾಕ್ಕೋಬೇಕು."

ಬಾಗಿಲ ಪಕ್ಕದ ಕುರ್ಚಿಯ ತುದಿಗೆ ಕೂತಿದ್ದ ಸುಗಂಧಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಪಾಸ್ಟರರ ಮನೆಯಲ್ಲಿ ಹೀಗೆ ಕುರ್ಚಿಯ ಮೇಲೆ ಕೂತದ್ದು ಅವಳಿಗೆ ಅದೇ ಮೊದಲು. ಪ್ರಾರ್ಥನೆ ಮಾಡಿಯೇ ಚಿತ್ರ ಶುರು ಮಾಡಿದ್ದರು. ಬಸ್ ನಿಲ್ದಾಣದ ಹತ್ತಿರ ಸಿಡಿ ಅಂಗಡಿ ಇಟ್ಟಿದ್ದ ಕಾಸಿಂ, ಯಂತ್ರ ಜೋಡಿಸಿಕೊಟ್ಟು, ಪ್ರಾರ್ಥನೆ ಮುಗಿಯುವವರೆಗೂ ತಾನೂ ತಲೆ ಬಗ್ಗಿಸಿ ನಿಂತು, ಆಮೇಲೆ ಅಂಗಡಿಗೆ ಹೋಗಿದ್ದ.

ಹಬ್ಬಕ್ಕೆ ಮಕ್ಕಳಿಗೆ ತೋರಿಸುವ ಒಂದು ಚಿತ್ರಕ್ಕೆ ಇಷ್ಟೆಲ್ಲ ಕಾಳಜಿ ಮಾಡಲು ಕಾರಣ ಇಲ್ಲಿಯ ಹುಮನಾಬಾದಿನ ಸಭೆಯವರಲ್ಲ, ಬಸವಕಲ್ಯಾಣದವರು. ಹಿಂದಿನ ವರ್ಷ ಕ್ರಿಸ್‌ಮಸ್ಸಿಗೆ ಅಲ್ಲಿಯ ಸಭೆಯವರು ಮಕ್ಕಳಿಗೆಂದು ಒಂದು ಆನೆಮರಿಯ ಕಾರ್ಟೂನು ತರಿಸಿದ್ದರು. ಮುಂಚೆ ಯಾರೂ ನೋಡಿರಲಿಲ್ಲ. ಅರ್ಧಕ್ಕೆ ಬಂದಾಗ ಆನೆಮರಿಗೆ ನಾಲ್ಕು ಕೈ ಮೂಡಿದವು, ಗಂಟೆ ಬಾರಿಸಿತು, ಆರತಿ ಶುರುವಾಯಿತು. ಮುಂದಿನ ಸಾಲಿನಲ್ಲಿ ಬೀದರಿನಿಂದ ಬಂದ ದೊಡ್ಡ ಪಾದ್ರಿಗಳು ಕೂತಿದ್ದರು. ಹಿಂದೆ ಕೂತ ಮಕ್ಕಳು ಶಾಲೆಯ ರೂಢಿಯಂತೆ ಕೈ ಮುಗಿದು ಕಣ್ಣು ಮುಚ್ಚಿಬಿಟ್ಟವು. ಆ ಸುದ್ದಿ ಹೆದ್ದಾರಿ ಹಿಡಿದು ಹುಮನಾಬಾದಿಗೆ ಬರಲು ಒಂದು ದಿನವೂ ಬೇಕಾಗಲಿಲ್ಲ. ಹಾಗಾಗಿ ಈ ಸಲ ಪಾಸ್ಟರ್, ಒಬ್ಬ ಹಿರಿಯ, ಒಬ್ಬ ತಾಯಿ, ಮೂವರು ಮೊದಲು ಕೂತು ನೋಡಬೇಕು, ಕ್ರೈಸ್ತ ಮನೆಗೆ ಯೋಗ್ಯವೋ ಅಲ್ಲವೋ ಹೇಳಬೇಕು ಎಂದು ತೀರ್ಮಾನವಾಯಿತು.

ತಾಯಂದಿರಿಗೆಲ್ಲ ಹಬ್ಬದ ಕರಚಿಕಾಯಿ ಕರಿಯುವ ಕೆಲಸವಿತ್ತು. ಸ್ತ್ರೀ ಸಮಾಜದಲ್ಲಿ ಯಾರೋ ಸುಗಂಧಾಳ ಹೆಸರು ಹೇಳಿದರು. ಹತ್ತನೇ ತರಗತಿ ಓದಿದಾಕೆ, ಹೊಸಬಳು, ಯಾರ ಜೊತೆಗೂ ಜಗಳವಿಲ್ಲ. ತಾಯಂದಿರ ಪರವಾಗಿ ನೀನು ಹೋಗು ಎಂದರು. ತಾಯಂದಿರ ಪರವಾಗಿ ಎಂಬ ಮಾತನ್ನು ಅವಳು ಮನೆಯವರೆಗೂ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಇಟ್ಟುಕೊಂಡು ಬಂದಿದ್ದಳು.

ಯಾಕೆಂದರೆ ಆ ಓಣಿಯಲ್ಲಿ ಅವಳನ್ನು ಯಾರೂ ತಾಯಿ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಂಡ ಮಚ್ಚೇಂದ್ರ ಲಾರಿ ಓಡಿಸುತ್ತಿದ್ದ. ಸೋಲಾಪುರ, ಪುಣೆ, ಹೈದರಾಬಾದ್ ಎಂದು ವಾರಗಟ್ಟಲೆ ರಸ್ತೆಯ ಮೇಲೆ. ಮೊದಲ ಹೆಂಡತಿ ಕಾಮಾಲೆಯಾಗಿ ತೀರಿಹೋದಮೇಲೆ, ಮೂರು ವರ್ಷದ ಹಿಂದೆ, ಮಂಠಾಳದಿಂದ ಸುಗಂಧಾಳನ್ನು ಮದುವೆಯಾಗಿ ಕರೆತಂದಿದ್ದ. ಮೊದಲಾಕೆಯ ಮಗಳು ಮನೀಷಾಗೆ ಈಗ ಒಂಬತ್ತು. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಆ ಹುಡುಗಿಯನ್ನು ಕರೆದು, ಗಲ್ಲ ಹಿಡಿದು ಕೇಳುವರು: "ಉಂಡ್ಯೇನವ್ವ? ಏನ್ ಹಾಕಿದಳು?" ಮನೀಷಾ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಹೇಳುವಳು: "ರೊಟ್ಟಿ, ಪುಂಡಿಪಲ್ಯ." "ಬಿಸೀದೋ, ತಂಗಳೋ?" "ಬಿಸೀದು." ಉತ್ತರ ಕೇಳಿ ಅವರಿಗೆ ಸ್ವಲ್ಪ ನಿರಾಸೆಯೇ ಆಗುತ್ತಿತ್ತು. ಸುಗಂಧಾ ಅಲ್ಲೇ ಕೊಡ ತುಂಬಿಸುತ್ತ ನಿಂತಿರುತ್ತಿದ್ದಳು. ಅವಳ ಎದುರಿಗೇ ಕೇಳುವರು. ಅದನ್ನು ಪ್ರೀತಿ ಎಂದು ಕರೆಯುವರು.

ಮಗು ಅವಳಿಗೆ ಒಗ್ಗಿಕೊಳ್ಳುತ್ತಿತ್ತು ಎನ್ನಿ. ಈಗೀಗ ಶಾಲೆಯಿಂದ ಬಂದು ಅಂದಿನ ಜಗಳವನ್ನೆಲ್ಲ ಹೇಳುವಳು. ಜ್ವರ ಬಂದಾಗ ಹತ್ತಿರ ಬಂದು ಮಲಗುವಳು. ಆ ಒಂದು ಕೆಟ್ಟ ಶಬ್ದ ಮಾತ್ರ ಮನೆಯೊಳಗೆ ಇನ್ನೂ ಬಂದಿರಲಿಲ್ಲ.

ಈಗ ಅದು ಟಿವಿಯೊಳಗಿಂದ ಬಂತು.

ಚಿತ್ರದಲ್ಲಿ ಬಿಳಿ ಮೊಲವೊಂದರ ಹೆಂಡತಿ ಸತ್ತಿತ್ತು. ಮರಿಮೊಲ ಒಂಟಿಯಾಗಿತ್ತು. ಒಂದು ದಿನ ಅಪ್ಪಮೊಲ ಬೂದು ಬಣ್ಣದ ಹೊಸ ಹೆಂಡತಿಯನ್ನು ಕೈ ಹಿಡಿದು ತಂದಿತು. ಅದರ ಉಗುರು ಉದ್ದ, ಹಲ್ಲು ಉದ್ದ, ಕಣ್ಣಿನ ಸುತ್ತ ಕಪ್ಪು. ಹಿಂದಿಯಲ್ಲಿ ಕತೆ ಹೇಳುವ ಹೆಂಗಸು ದನಿ ಇಳಿಸಿ ಹೇಳಿದಳು, ಸೌತೇಲಿ ಮಾ, ಮಲತಾಯಿ, ಬಂದಳು ಎಂದು. ಬಂದವಳೇ ಬೂದು ಮೊಲ ಮರಿಯ ಸಾರಿಗೆ ಕಲ್ಲಿನ ಹರಳು ಹಾಕಿತು, ಹಾಸಿಗೆ ಕಿತ್ತುಕೊಂಡಿತು, ಅಪ್ಪ ಊರಿಗೆ ಹೋದಾಗ ಮರಿಯನ್ನು ಪೊಟರೆಯೊಳಗೆ ತಳ್ಳಿ ಕಲ್ಲು ಮುಚ್ಚಿತು.

ಸುಗಂಧಾಳ ಮುಖದ ನಗು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅಪ್ಪ ಊರಿಗೆ ಹೋದಾಗ ಎಂಬುದೇ ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಅವಳ ಮನೆಯ ಅಪ್ಪ ಊರಲ್ಲಿ ಇದ್ದದ್ದೇ ಯಾವಾಗ?

ಚಹಾ ಬಂತು. ಚಹಾ ಕುಡಿದ ಮಾಸ್ತರರ ಕತ್ತು ನಿದ್ದೆಗೆ ವಾಲಿತು. ಮದುವೆಯ ಕಾಗದ ಹಿಡಿದು ಯಾರೋ ಬಂದರೆಂದು ಪಾಸ್ಟರ್ ಹೊರಗೆ ಹೋಗಿ ಅಂಗಳದಲ್ಲಿ ಮಾತಿಗೆ ನಿಂತರು. ಸಭೆಯ ಪರವಾಗಿ ಆ ಚಿತ್ರದ ನಡುಭಾಗವನ್ನು ನೋಡಿದವಳು ಸುಗಂಧಾ ಒಬ್ಬಳೇ. ಪೊಟರೆಯಿಂದ ಪಾರಾದ ಮರಿಮೊಲವನ್ನು ನಗಿಸಲೆಂದು ಅಳಿಲುಗಳೆಲ್ಲ ಸೇರಿ ದೊಡ್ಡ ಆಲದಮರಕ್ಕೆ ಹಗ್ಗ ಸುತ್ತಿ ಜೋಕಾಲಿ ಕಟ್ಟಿದವು. ಚೆಂದವಾಗಿತ್ತು. ಇದೊಂದೇ ಇಡೀ ಚಿತ್ರವಾಗಿದ್ದರೆ ಎಂದುಕೊಂಡಳು.

ಕೊನೆಗೆ ಬೂದು ಮೊಲ ಜಾರಿ ಬಾವಿಗೆ ಬಿತ್ತು. ಕಾಡಿನ ಪ್ರಾಣಿಗಳೆಲ್ಲ ಚಪ್ಪಾಳೆ ತಟ್ಟಿದವು. ಆ ಸದ್ದಿಗೆ ಮಾಸ್ತರ್ ಎದ್ದು ಕೂತು, ಬಾವಿಯೊಳಗೆ ಒದ್ದೆಯಾಗಿ ಕಿರಿಚುತ್ತಿದ್ದ ಮೊಲವನ್ನು ನೋಡಿ ಹೊಟ್ಟೆ ಅಲುಗುವಂತೆ ನಕ್ಕರು. ಒಳಗೆ ಬಂದ ಪಾಸ್ಟರರೂ ನಕ್ಕರು.

"ಭೇಷ್! ಮಲತಾಯಿಗಿ ಹಾಂಗೇ ಆಗಬೇಕು ನೋಡ್ರಿ," ಎಂದರು ಮಾಸ್ತರ್, ಸುಗಂಧಾಳ ಕಡೆಗೇ ತಿರುಗಿ, ಬಹಳ ವಿಶ್ವಾಸದಿಂದ. "ಮಕ್ಕಳಿಗಿ ಚೊಲೋ ಪಾಠ ಅದ."

"ನನಗಂತೂ ತಪ್ಪೇನೂ ಕಾಣಲಿಲ್ಲ," ಎಂದರು ಪಾಸ್ಟರ್. "ಆ ಚಿಟ್ಟಿ ಬಂದಾಗ ಯಾರರೆ ಟವೆಲ್ ಹಿಡಿದ್ರಾಯ್ತು. ಸುಗಂಧಾಬಾಯಿ, ನೀವೇನಂತೀರಿ? ತಾಯಿಯಾಗಿ ಹೇಳ್ರಿ."

ಅವಳು ಬಾಯಿ ತೆರೆದಳು. ನಮ್ಮ ಮನೆಯಲ್ಲಿ ಒಂದು ಕೂಸಿದೆ ಎಂದು ಶುರು ಮಾಡಬೇಕೆಂದಿದ್ದಳು. ಮಾಸ್ತರ್ ಏನು ಹೇಳುವರೆಂದು ಅವಳಿಗೆ ಮೊದಲೇ ಗೊತ್ತಾಯಿತು: ಅದು ಮೊಲ ಅಲ್ಲೇನವ್ವ, ನಿನಗ್ಯಾಕ ಚುಚ್ಚತದ? ನಾಳೆ ನಳದ ಹತ್ತಿರ ಅದೇ ಮಾತಿಗೆ ಕೈಕಾಲು ಬರುತ್ತದೆ. ಹಬ್ಬದ ದಿನ ಅಂಗಳದಲ್ಲಿ ಊರಿನ ಮಕ್ಕಳ ನಡುವೆ ಮನೀಷಾ ಕೂತಿರುತ್ತಾಳೆ, ಮೊಲ ಬಾವಿಗೆ ಬೀಳುತ್ತದೆ, ಎಲ್ಲರೂ ತಿರುಗಿ...

"ಆ ಮರಕ್ಕ ದಾರ ಕಟ್ಟಿದ್ವಲ್ರಿ," ಎಂದಳು ಸುಗಂಧಾ. ತನ್ನ ದನಿ ಇಷ್ಟು ತಣ್ಣಗಿರುವುದು ಕೇಳಿ ಅವಳಿಗೇ ಹೆದರಿಕೆಯಾಯಿತು. "ಎಲ್ಲಾ ಕೂಡಿ ಆಲದಮರಕ್ಕ ದಾರ ಸುತ್ತಿದ್ವು. ಸುತ್ತ ತಿರುಗಿದ್ವು. ಅದು ಪೂಜಾ ಅಲ್ಲೇನ್ರಿ?"

ಪಾಸ್ಟರ್ ಮಾಸ್ತರರನ್ನು ನೋಡಿದರು. ಮಾಸ್ತರ್ ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ನಲವತ್ತು ವರ್ಷ ಮಕ್ಕಳನ್ನು ತರಗತಿಯಲ್ಲಿ ನಿದ್ದೆ ಮಾಡಿದ್ದಕ್ಕೆ ಬಡಿದ ಮನುಷ್ಯ. ನನಗೆ ಜೊಂಪು ಹತ್ತಿತ್ತು ಎಂದು ಹೆಂಗಸಿನೆದುರು ಹೇಳುವುದು ಹೇಗೆ?

"ಹೌದೌದು. ನಾನೂ ನೋಡಿದೆ ರಿ. ಹೇಳಬೇಕಂತಲೇ ಇದ್ದೆ."

"ಹಿಂದ ತಿರುಗಿಸಿ ಒಂದ ಸಲ ನೋಡೋಣೇನು?" ಎಂದರು ಪಾಸ್ಟರ್.

"ಏನ್ ನೋಡತೀರಿ ಅಯ್ಯನೋರೆ, ಮೂರ್ತಿಪೂಜಾ ಎರಡೆರಡ ಸಲ ನೋಡಬೇಕೇನು? ಬಸವಕಲ್ಯಾಣದಾಗ ಆಗಿದ್ದು ಸಾಕಾಗಿಲ್ಲೇನು?"

ಬಸವಕಲ್ಯಾಣದ ಹೆಸರು ಬಂದ ಮೇಲೆ ಮಾತು ಮುಗಿದಂತೆಯೇ. ಸಂಜೆ ಯಂತ್ರ ಒಯ್ಯಲು ಬಂದ ಕಾಸಿಂ ವೈರು ಸುತ್ತುತ್ತ ಕೇಳಿದ, "ಯಾಕ್ರಿ ಮಾಸ್ತರ್ ಸಾಬ್, ಫೇಲ್ ಆಯ್ತೇನು ನಮ್ಮ ಮೊಲ?"

ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರ್ ಪ್ರಕಟಣೆ ಓದಿದರು. ಮೊಲದ ಚಿತ್ರ ಕ್ರೈಸ್ತ ಕುಟುಂಬಗಳಿಗೆ ಯೋಗ್ಯವಲ್ಲ. ಹಿರಿಯರ ಕಣ್ಣಿಗೂ ಬೀಳದಂತೆ ಅಡಗಿದ್ದ ಕೆಡುಕನ್ನು ಸಹೋದರಿ ಸುಗಂಧಾ ತಮ್ಮ ಆತ್ಮಿಕ ಕಣ್ಣುಗಳಿಂದ ಕಂಡು ಸಭೆಯನ್ನು ಎಚ್ಚರಿಸಿದ್ದಾರೆ. ಹೆಂಗಸರ ಕಡೆ ಚಾಪೆಯ ಮೇಲೆ ತಲೆಗಳೆಲ್ಲ ತಿರುಗಿದವು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವು ಅವಳನ್ನು ಗೌರವದಿಂದ ನೋಡಿದವು. ಪಕ್ಕದಲ್ಲಿ ಕೂತ ಮನೀಷಾ ಕತ್ತೆತ್ತಿ ಅವಳ ಕಣ್ಣುಗಳನ್ನೇ ಪರೀಕ್ಷಿಸುವಂತೆ ನೋಡಿದಳು.

ಹೀಗೆ ಬೇಡ ಎಂದು ಪ್ರಸಂಗಪೀಠದಿಂದ ಸಾರಿದ ಮೇಲೆ ನೋಡದೆ ಬಿಡುವ ಮಕ್ಕಳು ಯಾವ ಊರಿನಲ್ಲಿದ್ದಾರೆ? ಕಾಸಿಂನ ತಾಯಿ ಮುನ್ನಿ ಬೀಯ ಮನೆ ಆ ಓಣಿಯ ತುದಿಗೇ ಇತ್ತು. ಸೋಮವಾರ ಶಾಲೆ ಬಿಟ್ಟಮೇಲೆ ಅವಳ ಹೊಸ್ತಿಲ ಹೊರಗೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. "ಬರ್ರಿ, ಬರ್ರಿ, ದೆವ್ವದ ಮೊಲ ನೋಡಬರ್ರಿ," ಎಂದು ಮುನ್ನಿ ಬೀ ಎಲ್ಲರ ಕೈಗೂ ಒಂದೊಂದು ಹಿಡಿ ಚುರುಮುರಿ ಹಾಕಿದಳು.

ಮಂಗಳವಾರ ಸಂಜೆ ಸುಗಂಧಾ ರೊಟ್ಟಿ ಬಡಿಯುತ್ತಿದ್ದಾಗ ಮನೀಷಾ ಬಂದಳು. ಚೀಲ ಗೂಟಕ್ಕೆ ಹಾಕಿ, ಒಲೆಯ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಮುನ್ನಿ ಬೀ ಮನಿಗಿ ಹೋಗಿದ್ದೆ."

ಸುಗಂಧಾ ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಮರಕ್ಕ ಪೂಜಾ ಮಾಡಂಗಿಲ್ಲ ಅವು. ಜೋಕಾಲಿ ಕಟ್ಟತಾವ. ನಿನ್ನಿ ಒಮ್ಮೆ ನೋಡೀನಿ, ಇವತ್ತ ಒಮ್ಮೆ ನೋಡೀನಿ. ಜೋಕಾಲೀನೇ ಅದ."

"ಇರಬೇಕು."

"ಮತ್ತ ಯಾಕ ಹಾಂಗ ಹೇಳ್ದಿ?"

ತವೆಯ ಮೇಲಿನ ರೊಟ್ಟಿ ಉಬ್ಬಿತು. ಸುಗಂಧಾ ಅದನ್ನು ತೆಗೆದು ಬುಟ್ಟಿಗೆ ಹಾಕಿದಳು. ಮನೀಷಾ ಕಟ್ಟಿಗೆಯ ಸಿಪ್ಪೆ ಸುಲಿಯುತ್ತ, ಮುಖ ಎತ್ತದೆ ಕೇಳಿದಳು:

"ಬೂದು ಮೊಲದ ಸಲುವಾಗಿ?"

ಒಲೆಯಲ್ಲಿ ಉರಿ ಮುಂದಕ್ಕೆ ಬಂದಿತ್ತು. ಸುಗಂಧಾ ಕೊಳ್ಳಿಯನ್ನು ಒಳಕ್ಕೆ ದೂಡಿದಳು.

"ಬಾವ್ಯಾಗ ಬಿದ್ದಾಗ ಎಲ್ಲಾರೂ ನಕ್ಕರೇನು?"

"ಹೂಂ. ಭಾಳ."

"ನೀ?"

"ನಾನೂ ನಕ್ಕೆ." ಸುಲಿದ ಸಿಪ್ಪೆಯನ್ನು ಒಲೆಗೆ ಹಾಕಿ ಹೇಳಿದಳು, "ಆಮ್ಯಾಲ ಎಲ್ಲಾರೂ ನನ್ನ ನೋಡಿದ್ರು."

"ನೀ ಏನ್ ಮಾಡ್ದಿ?"

"ಚುರುಮುರಿ ತಿಂದೆ."

ಹೊರಗೆ ಸೈಕಲ್ ನಿಂತಿತು. "ಸುಗಂಧಾಬಾಯಿ, ಇದ್ದೀರೇನವ್ವ?" ತಿಮೊಥಿ ಮಾಸ್ತರರ ದನಿ. "ಹೊಸಾ ಚಿತ್ರ ಬಂದದ, ಆಮಿ ಕಥೀದು. ಅಯ್ಯನೋರು ನಿಮ್ಮನ್ನೇ ಕರಕೊಂಡ ಬಾ ಅಂದಾರ. ನಿಮ್ಮ ಕಣ್ಣಿಂದ ಒಮ್ಮೆ ನೋಡಿಬಿಟ್ರ ನಮಗ ಚಿಂತಿಲ್ಲ."

ಹಿಟ್ಟಿನ ಕೈ ಹಾಗೆಯೇ ಹಿಡಿದು ಸುಗಂಧಾ ಕೂತಳು. ಏಳಲಿಲ್ಲ, ಓ ಎನ್ನಲಿಲ್ಲ. ಮನೀಷಾ ಅವಳನ್ನೊಮ್ಮೆ ನೋಡಿ, ಎದ್ದು ಹೋಗಿ, ಬಾಗಿಲನ್ನು ತನ್ನ ಮೈ ಹಿಡಿಸುವಷ್ಟೇ ತೆರೆದು ನಿಂತಳು.

"ಮನ್ಯಾಗ ಯಾರೂ ಇಲ್ರಿ."

"ಯಾರೂ ಇಲ್ಲ? ರೊಟ್ಟಿ ಬಡಿಯೋ ಸಪ್ಪಳ ಕೇಳ್ತಲ್ಲ?"

"ನಾನೇ ಬಡಿಯಾಕತ್ತೀನ್ರಿ."

ಮಾಸ್ತರ್ ಬಾಗಿಲ ಕಡೆಗೆ ಬಗ್ಗಿದರು. ಮಾತಾಡಿದಾಗ ಅವರ ದನಿ ಬೇರೆಯಾಗಿತ್ತು. ನಳದ ಹತ್ತಿರದ ದನಿಯಾಗಿತ್ತು.

"ನಿನ್ನ ಕೈಲಿ ರೊಟ್ಟಿ ಬಡಸಾಕತ್ತಾಳೇನವ್ವ? ಇಷ್ಟ ಸಣ್ಣ ಕೂಸಿನ ಕೈಲಿ? ತಾ ಎಲ್ಲಿಗಿ ಹೋಗ್ಯಾಳ?"

ಹುಡುಗಿ ಬಾಗಿಲ ಅಂಚನ್ನು ಗಟ್ಟಿಯಾಗಿ ಹಿಡಿದದ್ದು ಒಳಗಿನಿಂದ ಸುಗಂಧಾಳಿಗೆ ಕಂಡಿತು.

"ಆಕಿ ಬ್ಯಾಡ ಅಂತಾಳ್ರಿ. ನಾನೇ ಹಟ ಮಾಡೀನಿ, ಕಲೀತೀನಂತ."

"ಹೂಂ, ಹೂಂ. ನನಗ ಎಲ್ಲಾ ತಿಳೀತದವ್ವ. ನೀ ಏನೂ ಹೇಳಬ್ಯಾಡ." ನಾಲಿಗೆ ಲೊಚಗುಟ್ಟಿದ ಸದ್ದು ಕೇಳಿತು. ಸೈಕಲ್ಲು ಸ್ಟ್ಯಾಂಡಿನಿಂದ ಇಳಿಯಿತು, ಓಣಿಯಲ್ಲಿ ಹೋಯಿತು, ಎರಡು ಮನೆ ದಾಟಿ ಮತ್ತೆ ನಿಂತಿತು. ಅಲ್ಲಿ ಯಾರೊಂದಿಗೋ ಮಾತು ಶುರುವಾಯಿತು.

ಮನೀಷಾ ಅಗಳಿ ಹಾಕಿ ಬಂದು ಮತ್ತೆ ಕೂತಳು. ಓಣಿಯಿಂದ ಒಂದು ಹೆಂಗಸಿನ ದನಿ, "ಅಯ್ಯ, ಅಯ್ಯ!" ಎಂದು ಎರಡು ಸಲ ಕೇಳಿತು.

ಸುಗಂಧಾ ಹಿಟ್ಟಿನ ಪರಾತವನ್ನು ಹುಡುಗಿಯ ಕಡೆಗೆ ಸರಿಸಿದಳು. ಮನೀಷಾ ಚೊಂಬಿನ ನೀರಿನಲ್ಲಿ ಕೈ ತೊಳೆದು, ಒಂದು ಉಂಡೆ ತೆಗೆದುಕೊಂಡು, ನಾಲಿಗೆಯ ತುದಿ ಹೊರಗೆ ಹಾಕಿ ತಟ್ಟತೊಡಗಿದಳು. ರೊಟ್ಟಿ ಒಂದು ಕಡೆ ದಪ್ಪವಾಯಿತು, ಇನ್ನೊಂದು ಕಡೆ ಸೀಳಿತು. ಸುಗಂಧಾ ಅದರ ಕೆಳಗೆ ತನ್ನ ಅಂಗೈ ಕೊಟ್ಟು ಎತ್ತಿ ತವೆಗೆ ಹಾಕಿದಳು. ಆಮೇಲೆ ಬೆರಳು ಅದ್ದಿ, ಸೀಳಿದ ಕಡೆ ನೀರು ಸವರಿ, ಎರಡು ಅಂಚನ್ನೂ ಹತ್ತಿರ ಎಳೆದು ಒತ್ತಿ ಹಿಡಿದಳು. ತವೆಯಿಂದ ಹಬೆ ಎದ್ದಿತು.