ಮುಟ್ಟುವ ಹಾಗಿಲ್ಲ

"ಅಲ್ಲಿಗೆ ಹೋಗಿ ಏನು ಮಾಡ್ತೀರಿ?" ಗಾಜಿನಾಚೆಯ ಹೆಂಗಸು ಕೇಳಿದಳು.

ಮೇಸ್ತ್ರಿಗೆ ಖುಷಿಯಾಯಿತು. ಮನೆ, ಮದುವೆ, ಸಂಪಾದನೆ ಎಂದು ಬೇಡದ್ದನ್ನೆಲ್ಲ ಕೆದಕಿದವಳು ಕೊನೆಗೂ ಕೇಳಬೇಕಾದ್ದನ್ನು ಕೇಳಿದ್ದಳು. ಬಿಗಿಯಾಗಿದ್ದ ಹೊಸ ಕೋಟಿನ ತೋಳನ್ನು ಹಿಂದಕ್ಕೆ ಸರಿಸಿ, ಎರಡೂ ಕೈಗಳನ್ನು ಗಾಜಿನ ಮುಂದಿಟ್ಟ.

"ನಮ್ಮ ಮಿಷಿನ್ ಆಗಲೇ ಅಲ್ಲಿಗೆ ಹೋಗಿ ಕೂತಿದೆ ಮೇಡಂ. ಬಾಟಲಿಗೆ ಲೇಬಲ್ ಅಂಟಿಸೋದು. ನಾನೇ ಬಿಚ್ತೀನಿ, ನಾನೇ ಜೋಡಿಸ್ತೀನಿ, ಓಡಿಸಿ ಕೊಟ್ಟು ಬರ್ತೀನಿ. ಬೇರೆಯವರ ಕೈಗೆ ಕೊಡೋ ಮಾತೇ ಇಲ್ಲ."

"ನೀವೇ, ಕೈಯಾರೆ?"

"ಮತ್ತಿನ್ಯಾರು?"

ಅವಳು ಏನೋ ಟೈಪ್ ಮಾಡಿದಳು. ಪಾಸ್‌ಪೋರ್ಟು ಗಾಜಿನಡಿಯ ಸಂದಿಯಿಂದ ವಾಪಸ್ಸು ಬಂತು. ವೀಸಾ ಕೊಡಲಾಗುವುದಿಲ್ಲ ಎಂದು ಅವಳು ಹೇಳಿದ್ದು ತನಗೇ ಎಂದು ಅರ್ಥವಾಗುವಷ್ಟರಲ್ಲಿ ಹಿಂದಿನವನು ಮುಂದೆ ಬಂದು ನಿಂತಿದ್ದ.

ಪಕ್ಕದ ಕಿಟಕಿಯಲ್ಲಿ ಮೇಸ್ತ್ರಿಯ ಬಾಮೈದನ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಮುಗಿದಿತ್ತು. ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು, ಎದುರಿಗೇ. ಆರ್ಡರು ತರುವುದು ರೇಡಿಯೋ, ಮಿಷಿನ್ ಕಟ್ಟುವುದು ಮೇಸ್ತ್ರಿ, ಇಬ್ಬರದೂ ಸಮಪಾಲು. ಆದರೆ ಗಿರಾಕಿಗಳ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಮೇಸ್ತ್ರಿ ಯಾವಾಗಲೂ ಮಿಷಿನ್ನಿನ ಅಡಿಯಲ್ಲಿರುತ್ತಿದ್ದ. ಮೊದಲ ಸಲ ಹೊರದೇಶಕ್ಕೆ ಹೋದ ಮಿಷಿನ್ ಇದು. ಅದರ ಪಕ್ಕ ಒಮ್ಮೆಯಾದರೂ ನೆಟ್ಟಗೆ ನಿಲ್ಲಬೇಕೆಂದು ಅವನಿಗೆ ಆಸೆಯಿತ್ತು. ಆ ಆಸೆಗೇ ಕೋಟು ಹೊಲಿಸಿದ್ದ.

ಅವನದೊಂದು ಪದ್ಧತಿಯಿತ್ತು. ಯಾವ ಮಿಷಿನ್ನನ್ನೂ ಅವನು ಪೂರ್ತಿ ಬಿಗಿ ಮಾಡಿ ಕಳಿಸುತ್ತಿರಲಿಲ್ಲ. ಒಂದೊಂದು ನೆಲದ ಮಟ್ಟ ಒಂದೊಂದು ಥರ. ಕೊನೆಯ ಬಿಗಿ ಅದು ನಿಂತ ಜಾಗದಲ್ಲೇ, ಹೆಬ್ಬೆರಳಲ್ಲಿ ಸ್ಪ್ರಿಂಗ್ ಒತ್ತಿ ನೋಡಿ, ಅವನೇ ಮಾಡಬೇಕು. ಇದು ವರ್ಕ್‌ಶಾಪಿನ ಬೆಕ್ಕಿಗೂ ಗೊತ್ತಿದ್ದ ಸಂಗತಿ.

ಗೇಟಿನ ಹೊರಗೆ ವೀಸಾ ಏಜೆಂಟು ಕಾಯುತ್ತಿದ್ದ. ಸುದ್ದಿ ಕೇಳಿ ಹಣೆ ಚಚ್ಚಿಕೊಂಡ.

"ಏನ್ ಸ್ವಾಮಿ ನೀವು! ಇದು ಮಾತಾಡೋಕೆ ಹೋಗೋರ ವೀಸಾ. ಸಭೆ ಮಾಡಬಹುದು, ಫ್ಯಾಕ್ಟರಿ ನೋಡಬಹುದು, ಸಹಿ ಹಾಕಬಹುದು. ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಅದು ಕೆಲಸ, ಅದಕ್ಕೆ ಬೇರೆ ವೀಸಾ. ನಿಮ್ಮ ಬಾಮೈದನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ, ಭಾವನಿಗೂ ತಿಳಿಸಿ ಅಂತ. ಹೇಳಲಿಲ್ವಾ?"

ರೇಡಿಯೋ ಮೊಬೈಲು ನೋಡತೊಡಗಿದ್ದ. "ಮರ್ತೇಹೋಯ್ತು ಭಾವ," ಎಂದ. ಅಷ್ಟು ಚಿಕ್ಕ ಮಾತನ್ನು ಅವನ ಬಾಯಲ್ಲಿ ಮೇಸ್ತ್ರಿ ಎಂದೂ ಕೇಳಿರಲಿಲ್ಲ.

ಮನೆಯಲ್ಲಿ ಹೆಂಡತಿ ತಮ್ಮನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡನ ಅಂಗಿ ಒಂದೂ ಅಲ್ಲಿರಲಿಲ್ಲ.

"ನಿನಗೂ ಗೊತ್ತಿತ್ತಾ?"

ಇಸ್ತ್ರಿಪೆಟ್ಟಿಗೆ ನಿಂತಿತು. "ರೀ, ಹೇಳಿದ್ರೆ ಮನೇಲಿ ರಂಪ ಆಗ್ತಿತ್ತು. ಭಾವ ದೊಡ್ಡವರ ಎದುರಿಗೂ ಅಂಗಿ ತೋಳು ಮಡಚಿ ಮಿಷಿನ್ ಕೆಳಗೆ ನುಗ್ತಾರೆ, ನಂಗೆ ತಲೆ ತಗ್ಗಿಸೋ ಹಾಗಾಗುತ್ತೆ ಅಂದ. ಚಿಕ್ಕೋನು, ಹೊಟ್ಟೆಗೆ ಹಾಕ್ಕೊಳ್ಳಿ."

ಮೇಸ್ತ್ರಿ ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದ. ಬಾಮೈದ ಮೋಸ ಮಾಡಿದ್ದಕ್ಕಿಂತ ಇವಳು ಸುಮ್ಮನಿದ್ದದ್ದು ಹೆಚ್ಚು ಉರಿಯಿತು. ಆದರೂ ಜಗಳಕ್ಕಿಳಿದರೆ ಗೆಲ್ಲುವ ಹಾಗಿರಲಿಲ್ಲ. ಮಾತಿನಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು.

ರೇಡಿಯೋ ಒಬ್ಬನೇ ಹೋದ. ಹೋದ ಮರುದಿನವೇ ವೀಡಿಯೋ ಕರೆ ಬಂತು. ಹಿಂದೆ ಬೆಳ್ಳಗೆ ಹೊಳೆಯುವ ಫ್ಯಾಕ್ಟರಿ, ಸೂಟು ಹಾಕಿದ ಜನ, ನಡುವೆ ಮೇಸ್ತ್ರಿಯ ಮಿಷಿನ್. ಬಾಟಲಿಗಳ ಮೇಲೆ ಲೇಬಲ್ಲುಗಳು ಸೊಟ್ಟಗೆ ಕೂರುತ್ತಿದ್ದವು.

"ಭಾವ, ಮಾನ ಉಳಿಸಿ. ಇಲ್ಲಿನೋರು ಬಿಗಿ ಮಾಡ್ತಾರೆ, ನೀವು ಹೇಳ್ತಾ ಹೋಗಿ."

ಫೋನು ಆರಿಸಿ ಕೂತರೆ ಸಾಕಿತ್ತು. ಬಾಮೈದನ ಬೆವರು ನೋಡಿ ಹೊಟ್ಟೆ ತಣ್ಣಗೂ ಆಯಿತು. ಆದರೆ ಆ ಸೊಟ್ಟ ಲೇಬಲ್ಲುಗಳನ್ನು ನೋಡಲಾಗಲಿಲ್ಲ. ಯಾರೋ ಬಾಚಣಿಗೆ ಮುಟ್ಟಿಸದೆ ತನ್ನ ಮಗುವನ್ನು ಮೆರವಣಿಗೆಗೆ ನಿಲ್ಲಿಸಿದ ಹಾಗಿತ್ತು.

"ಎಡಗಡೆ ಸ್ಪ್ರಿಂಗು. ಅದಲ್ಲ, ಕೆಳಗಿಂದು. ಹೆಬ್ಬೆರಳಲ್ಲಿ ಒತ್ತೋಕೆ ಹೇಳು. ಹಣ್ಣು ಹಿಸುಕಿ ನೋಡ್ತೀವಲ್ಲ, ಹಾಗೆ. ಈಗ ಬಿಗಿ. ಸಾಕು, ಸಾಕು!"

ಸೂಟಿನವರಲ್ಲೊಬ್ಬ ಪರದೆಯೊಳಗೆ ಬಗ್ಗಿ ನೋಡಿ ರೇಡಿಯೋನನ್ನು ಏನೋ ಕೇಳಿದ. ರೇಡಿಯೋ ನಗುತ್ತ ಅವರ ಭಾಷೆಯಲ್ಲಿ ಉತ್ತರಿಸಿದ. ಅದರಲ್ಲಿ ಮೇಸ್ತ್ರಿಗೆ ತಿಳಿದದ್ದು ಒಂದೇ ಮಾತು, ಮೆಕ್ಯಾನಿಕ್. ಪಾಲುದಾರನಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಇದಂತೂ ಅದಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿಗೂ ಅದು ಕೇಳಿಸಿತು. ಅವಳು ಸೆರಗು ಸರಿಮಾಡಿಕೊಂಡಳು.

"ಸ್ವಿಚ್ ಹಾಕಿಸು," ಎಂದ ಮೇಸ್ತ್ರಿ.

ಮಿಷಿನ್ ಓಡಿತು. ಚಪ್ಪಾಳೆ ಕೇಳಿಸಿತು. ರೇಡಿಯೋ ಯಾರದೋ ಕೈ ಕುಲುಕಲು ಹೋಗಿ ಫೋನನ್ನು ಹಾಗೆಯೇ ಜೇಬಿಗಿಳಿಸಿದ. ಪರದೆ ಕಪ್ಪಾಯಿತು. ಒಳಗಿನಿಂದ ಟಕ್ ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತಲೇ ಇತ್ತು.

"ಇನ್ನು ಇಟ್ಬಿಡಿ ರೀ," ಎಂದಳು ಹೆಂಡತಿ, ಮೆಲ್ಲಗೆ.

"ಇರು," ಎಂದು ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡ. "ಸ್ವಲ್ಪ ಓಡಲಿ."